ಹೊಗೆಯನ್ನು ತೂಗುವವರು

ಪೋರೂರಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಶ್ರೀ ರಾಮಚಂದ್ರ ಎಂದರೆ ಆಸ್ಪತ್ರೆ. ಮಗುವಿಗೆ ಜ್ವರ ಬಂದರೆ, ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ ನಾವು ಓಡುವುದು ಅಲ್ಲಿಗೆ. 1985ರಲ್ಲಿ ವೈದ್ಯಕೀಯ ಕಾಲೇಜಾಗಿ ಹುಟ್ಟಿ 1994ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದ ಈ ಸಂಸ್ಥೆಯೊಳಗೆ ಪರಿಸರ ಆರೋಗ್ಯ ಎಂಜಿನಿಯರಿಂಗ್ ಎಂಬ ವಿಭಾಗವೊಂದಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಲ್ಲಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅವರು ಅಡಿಗೆಮನೆಯ ಹೊಗೆಯನ್ನು ತೂಗುತ್ತಾರೆ.

ಈ ವಿಷಯ ನಮಗೆ ಬೇಕಾದದ್ದು ಮನೆಯ ಕಾರಣದಿಂದ. ನಮ್ಮ ಮಗಳು ಐದು ತಿಂಗಳ ಬಸುರಿ, ಚೊಚ್ಚಲು. ಬಾಣಂತನ ಕುಣಿಗಲ್ ಸೀಮೆಯ ನಮ್ಮ ಹಳ್ಳಿಯಲ್ಲೇ ಆಗಬೇಕೆಂದು ನಮ್ಮ ತಾಯಿಯವರ ಹಟ. ಅಲ್ಲಿ ಗ್ಯಾಸ್ ಇದೆ. ಆದರೆ ಅದು ಕಾಫಿಗೆ, ಒಗ್ಗರಣೆಗೆ. ಮುದ್ದೆಗೂ ಹಂಡೆಯ ನೀರಿಗೂ ಸೌದೆ, ತೆಂಗಿನ ಗರಿಯೇ ಆಗಬೇಕು. “ನಾನು ಆರು ಹೆತ್ತದ್ದು ಇದೇ ಹೊಗೇಲಿ ಅಲ್ಲವೇನೋ?” ಎನ್ನುತ್ತಾರೆ, ಕೆಮ್ಮುತ್ತಲೇ. ಆರರಲ್ಲಿ ಉಳಿದವರು ನಾಲ್ವರು ಎಂಬುದನ್ನು ನಾವು ಅವರೆದುರು ಆಡುವುದಿಲ್ಲ.

ಹೊಗೆಯನ್ನು ತೂಗುವುದೆಂದರೆ ಹೇಗೆ? ಪುಟ್ಟ ಯಂತ್ರವೊಂದನ್ನು ಗೃಹಿಣಿ ಒಂದು ಹಗಲು, ಒಂದು ರಾತ್ರಿ ತನ್ನ ಬಳಿಯೇ ಇಟ್ಟುಕೊಳ್ಳುತ್ತಾಳೆ. ಅವಳು ಉಸಿರಾಡುವ ಗಾಳಿಯನ್ನೇ ಅದು ಎಳೆದು ತೆಳುವಾದ ಸೋಸುಹಾಳೆಯ ಮೂಲಕ ಹಾಯಿಸುತ್ತದೆ. ಹಾಳೆಯ ಮೊದಲಿನ ತೂಕವನ್ನು ಆಮೇಲಿನ ತೂಕದಿಂದ ಕಳೆದರೆ ಸಿಕ್ಕಿದ್ದು ಹೊಗೆಯ ಲೆಕ್ಕ. ಅಲ್ಲಿ ಹಿಡಿಯುವ ಕಣ ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಇಂಥದೇ.

ಡಾ. ಕಲ್ಪನಾ ಬಾಲಕೃಷ್ಣನ್ ಅವರ ಮುಂದಾಳುತನದ ತಂಡ ತಮಿಳುನಾಡಿನ 1285 ಗರ್ಭಿಣಿಯರನ್ನು ಅಭ್ಯಸಿಸಿ 2018ರಲ್ಲಿ ಫಲವನ್ನು ಪ್ರಕಟಿಸಿತು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ 10 ಮೈಕ್ರೋಗ್ರಾಂ ಹೆಚ್ಚಿದಂತೆ ಹುಟ್ಟುವ ಮಗುವಿನ ತೂಕ ಸುಮಾರು 4 ಗ್ರಾಂ ಕಡಿಮೆ ಎಂದು ಕಂಡುಬಂತು. ಹಾಗಾದರೆ ಒಲೆ ಬದಲಾಯಿಸಿದರೆ ತೂಕ ಹೆಚ್ಚುವುದೇ? ಇದನ್ನು ತಿಳಿಯಲು ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ ಈ ನಾಲ್ಕು ದೇಶಗಳಲ್ಲಿ ತಲಾ 800ರಂತೆ ಸುಮಾರು 3200 ಗರ್ಭಿಣಿಯರನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಯಿತು. ಭಾರತದ ಪಾಲಿನ ಕೆಲಸ ಪೋರೂರಿನವರದು. ಅರ್ಧ ಜನಕ್ಕೆ ಗ್ಯಾಸ್ ಒಲೆಯನ್ನೂ ಸಿಲಿಂಡರನ್ನೂ ಉಚಿತವಾಗಿ ಕೊಟ್ಟರು. ಉಳಿದವರು ಸೌದೆಯಲ್ಲೇ ಮುಂದುವರಿದರು.

2022ರಲ್ಲಿ ಫಲ ಹೊರಬಂತು. ಗ್ಯಾಸ್ ಉರಿಸಿದವರು ಉಸಿರಾಡಿದ ಗಾಳಿಯಲ್ಲಿ ಕಣದ ಪ್ರಮಾಣ ಸುಮಾರು 24 ಮೈಕ್ರೋಗ್ರಾಂ, ಸೌದೆಯವರದರಲ್ಲಿ 71. ಆದರೆ ಮಕ್ಕಳ ಸರಾಸರಿ ತೂಕ? ಗ್ಯಾಸಿನ ಮನೆಗಳಲ್ಲಿ 2921 ಗ್ರಾಂ, ಸೌದೆಯ ಮನೆಗಳಲ್ಲಿ 2898. ಇಷ್ಟು ಸಣ್ಣ ಅಂತರ ಆಕಸ್ಮಿಕವೂ ಆಗಿರಬಹುದು. ಆದ್ದರಿಂದ ಒಲೆಯಿಂದ ತೂಕ ಹೆಚ್ಚಿತೆಂದು ಹೇಳಲಾಗದು ಎಂದು ಅವರೇ ಬರೆದರು. ವರ್ಷಗಳ ದುಡಿಮೆಯ ಕೊನೆಗೆ ಹೀಗೆ ಬರೆಯಲು ಎದೆಗಾರಿಕೆ ಬೇಕು. ವಿಶ್ವವಿದ್ಯಾಲಯವೊಂದರ ಹಿರಿಮೆಯನ್ನು ಅದು ಅಚ್ಚುಹಾಕಿಸಿದ ಪ್ರಬಂಧಗಳ ಎಣಿಕೆಯಿಂದ ಅಳೆಯುವ ಕಾಲ ಇದು. ತಕ್ಕಡಿ ತಾನು ಬಯಸಿದ ಕಡೆಗೆ ವಾಲದಿದ್ದಾಗ ಅದನ್ನು ಒತ್ತದಿರುವುದನ್ನು ಯಾವ ಎಣಿಕೆಯಲ್ಲಿ ಸೇರಿಸೋಣ?

ಒಲೆಯ ಮಾತು ಬಂದಾಗ ನಮ್ಮ ನಾಡನ್ನು ಮರೆಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಅದರ ಪ್ರಯೋಗ ಕ್ಷೇತ್ರ ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರ. ಮೂರು ಪಾತ್ರೆ ಕೂರುವ, ಹೊಗೆಯನ್ನು ಕೊಳವೆಯಿಂದ ಸೂರಿನಾಚೆ ಕಳುಹಿಸುವ ‘ಅಸ್ತ್ರ ಒಲೆ’ ಅಲ್ಲಿಯವರ ಕೊಡುಗೆ. ಸೌದೆಯನ್ನೂ ಉಳಿಸಿ ಕಣ್ಣನ್ನೂ ಉಳಿಸಿದ ಒಲೆ ಅದು. ನಮ್ಮ ಮನೆಯಲ್ಲೂ ಒಂದಿತ್ತು. ಕೊಳವೆ ಮುರಿದ ಮೇಲೆ ಯಾರೂ ಹೊಸದು ಹಾಕಿಸಲಿಲ್ಲ.

ಕಳೆದ ಭಾನುವಾರ ತಾಯಿಯವರಿಗೆ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದೆವು. ಗ್ಯಾಸಿನಿಂದ ಮಗು ದಪ್ಪವಾಗುತ್ತದೆಂದು ಸುಳ್ಳು ಹೇಳಿ ಒಪ್ಪಿಸಬಹುದಾಗಿತ್ತು, ಮನಸ್ಸು ಬರಲಿಲ್ಲ. ಹೊಗೆ ಶ್ವಾಸಕೋಶಕ್ಕೆ ಮಾಡುವ ಕೇಡು ಮಾತ್ರ ಬಹುಕಾಲದಿಂದ ತಿಳಿದದ್ದು. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಎಂದೂ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಾಗಾದರೆ ಮಗೂಗೋಸ್ಕರ ಅಲ್ಲ, ನನಗೋಸ್ಕರ ಅನ್ನು,” ಎಂದರು.

ಹೌದಮ್ಮ, ಎಂದೆವು. ಹಂಡೆಯ ಒಲೆಯನ್ನು ಹಿತ್ತಲಿಗೆ ಸಾಗಿಸಲು ಒಪ್ಪಿದ್ದಾರೆ. ಮುದ್ದೆಯ ವಿಚಾರದಲ್ಲಿ ಮಾತುಕತೆ ಇನ್ನೂ ನಡೆದಿದೆ.