ಗುಂಯ್ ಎನ್ನದ ಪಿಕಪ್

ಬಸವನ ಬಾಗೇವಾಡಿ ಸೀಮೆಯಲ್ಲಿ ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವಾಟ್‌ನ ಮೂರು ಘಟಕಗಳು ಅಲ್ಲಿವೆ. ಅವುಗಳ ಟರ್ಬೈನ್‌ಗಳು ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತವೆ. ಆಲಮಟ್ಟಿಯ ಜಲವಿದ್ಯುತ್ ಯಂತ್ರಗಳು ಅಷ್ಟು ವೇಗವಾಗಿ ತಿರುಗದಿದ್ದರೂ ಅವುಗಳಲ್ಲಿ ಆಯಸ್ಕಾಂತದ ಧ್ರುವಗಳು ಹೆಚ್ಚಿರುವುದರಿಂದ ಅಲ್ಲೂ ಹೊರಬರುವುದು ಅದೇ 50 ಹರ್ಟ್ಸ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ದಕ್ಷಿಣದ ಜಾಲವನ್ನು ಉಳಿದ ದೇಶಕ್ಕೆ ಜೋಡಿಸಿದ ಮೇಲಂತೂ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲ ಕರೆಂಟೂ ಒಂದೇ ತಾಳದಲ್ಲಿ ಮಿಡಿಯುತ್ತದೆ. ಜಾತ್ರೆಯ ವೇದಿಕೆಯಲ್ಲಿ ಆರ್ಕೆಸ್ಟ್ರಾದ ಗಿಟಾರ್ ವಾದಕ ತಂತಿ ಮುಟ್ಟುವ ಮೊದಲೇ ಸ್ಪೀಕರ್‌ನಲ್ಲಿ ಗುಂಯ್ ಎನ್ನುವುದು ಈ ಐವತ್ತು, ಮತ್ತು ಅದರ ಬೆನ್ನಿಗೆ ಬರುವ ನೂರು, ನೂರೈವತ್ತು. ಹಾರ್ಮೋನಿಯಂ ಬಲ್ಲವರಿಗೆ ಇನ್ನೊಂದು ಕಿರಿಕಿರಿ: ಈ ಸದ್ದು ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ ಬೀಳುತ್ತದೆ, ಯಾವ ಮನೆಗೂ ಸೇರುವುದಿಲ್ಲ. ಡೀಸೆಲ್ ಜನರೇಟರ್ ಮೇಲೆ ಕಾರ್ಯಕ್ರಮ ನಡೆದರೆ ಅದೂ ಸ್ಥಿರವಲ್ಲ. ದೊಡ್ಡ ದೀಪಗಳು ಒಮ್ಮೆಲೇ ಹತ್ತಿದಾಗ ಎಂಜಿನ್ ಕುಗ್ಗಿ ಗುಂಯ್ ಸದ್ದಿನ ಶ್ರುತಿಯೂ ಒಂದಿಷ್ಟು ಇಳಿಯುತ್ತದೆ.

ಈ ಗುಂಯ್ ಸದ್ದಿನ ಬಗ್ಗೆ ಗಿಟಾರ್ ವಾದಕರಲ್ಲಿ ಹಳೆಯದೊಂದು ನಂಬಿಕೆಯಿದೆ. ಸಿಂಗಲ್ ಕಾಯಿಲ್ ಪಿಕಪ್‌ನ ಆ ಗಾಜಿನಂಥ, ಚುರುಕಾದ ನಾದ ಬೇಕೆಂದರೆ ಗುಂಯ್ ಸದ್ದನ್ನು ಸಹಿಸಲೇಬೇಕು, ಸದ್ದು ತೆಗೆದರೆ ನಾದವೂ ಹೋಗುತ್ತದೆ ಎಂಬುದು ಆ ನಂಬಿಕೆ. ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು, ಈಗ ಬಹುಮಟ್ಟಿಗೆ ನಿಜವಲ್ಲ. ನಾದವೂ ಗುಂಯ್ ಸದ್ದೂ ಬೇರೆ ಬೇರೆ ಕಾರಣಗಳಿಂದ ಹುಟ್ಟುತ್ತವೆ ಎಂಬುದೇ ನನ್ನ ವಾದದ ತಿರುಳು.

ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. 1954ರಲ್ಲಿ ಫೆಂಡರ್ ಹೊರತಂದ ಸ್ಟ್ರಾಟೊಕಾಸ್ಟರ್‌ನಲ್ಲಿ ಪ್ರತಿ ಪಿಕಪ್‌ಗೂ ಆರು ಆಯಸ್ಕಾಂತದ ಗೂಟಗಳು, ಅವುಗಳ ಸುತ್ತ ಕೂದಲೆಳೆಗಿಂತ ದಪ್ಪವಲ್ಲದ ತಂತಿಯ ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಮಹಾರಾಷ್ಟ್ರದ ಗಡಿ ಭಾಗದ ಮೆರವಣಿಗೆಗಳಲ್ಲಿ ನುಡಿಸುವ ಎಲೆಕ್ಟ್ರಿಕ್ ಬೆಂಜೊದೊಳಗೂ ಇರುವುದು ಇದೇ ತತ್ವ. ಆದರೆ ಸುರುಳಿಗೆ ತಂತಿಯ ಕಂಪನವೂ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವೂ ಒಂದೇ, ಎರಡನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1957ರಲ್ಲಿ ಗಿಟಾರ್‌ಗಳಿಗೆ ಬಂದ ಹಂಬಕರ್ ಇದಕ್ಕೆ ಮದ್ದು ಕಂಡುಕೊಂಡಿತು. ಪಕ್ಕಪಕ್ಕ ಎರಡು ಸುರುಳಿ, ಒಂದರ ಆಯಸ್ಕಾಂತವೂ ಜೋಡಣೆಯೂ ಇನ್ನೊಂದಕ್ಕೆ ತಿರುಗುಮುರುಗು. ತಂತಿಯ ಸಂಕೇತಗಳು ಕೂಡುತ್ತವೆ, ಹೊರಗಿನ ಗುಂಯ್ ಕಳೆಯುತ್ತದೆ. ಗುಂಯ್ ಹೋಯಿತು, ಗಾಜಿನಂಥ ನಾದವೂ ಹೋಯಿತು. ನಂಬಿಕೆ ಹುಟ್ಟಿದ್ದು ಇಲ್ಲಿ.

ನಾದ ಹೋಗಿದ್ದೇಕೆ? ಎರಡು ಸುರುಳಿಗಳು ತಂತಿಯನ್ನು ಎರಡು ಜಾಗದಲ್ಲಿ ಆಲಿಸುತ್ತವೆ, ನಡುವೆ ಸುಮಾರು ಎರಡು ಸೆಂಟಿಮೀಟರ್ ಅಂತರ. ಅತಿ ಸಣ್ಣ ಅಲೆಗಳು, ಅಂದರೆ ಮೇಲಿನ ಸ್ವರಾಂಶಗಳು, ಒಂದು ಜಾಗದಲ್ಲಿ ಏರಿದ್ದಾಗ ಇನ್ನೊಂದರಲ್ಲಿ ಇಳಿದಿರುತ್ತವೆ, ಕೂಡಿದಾಗ ಸೊನ್ನೆ. ಇದು ಒಂದು ಕಾರಣ. ಎರಡನೆಯದು ಇಂಡಕ್ಟನ್ಸ್, ಅಂದರೆ ಕರೆಂಟಿನ ಬದಲಾವಣೆಗೆ ಸುರುಳಿ ಒಡ್ಡುವ ತಡೆ. ಸ್ಟ್ರಾಟ್‌ನ ಪಿಕಪ್‌ನಲ್ಲಿ ಅದು ಎರಡು, ಎರಡೂವರೆ ಹೆನ್ರಿ. ಹಂಬಕರ್‌ನಲ್ಲಿ ನಾಲ್ಕು, ಐದು. ಪಿಕಪ್ಪೂ ಅದರಿಂದ ಹೊರಡುವ ಕೇಬಲ್ಲೂ ಸೇರಿ ಒಂದು ನಿರ್ದಿಷ್ಟ ಆವರ್ತನವನ್ನು ಎತ್ತಿ ಹಿಡಿಯುತ್ತವೆ, ಅದರಾಚೆಗಿನದನ್ನು ಕೈಬಿಡುತ್ತವೆ. ಐದು ಮೀಟರ್ ಕೇಬಲ್‌ಗೆ ಲೆಕ್ಕ ಹಾಕಿದರೆ ಸಿಂಗಲ್ ಕಾಯಿಲ್‌ನ ಈ ಶಿಖರ 4000 ಹರ್ಟ್ಸ್‌ನ ಆಸುಪಾಸು ಬರುತ್ತದೆ, ಹಂಬಕರ್‌ನದು 3000ದ ಆಸುಪಾಸು. ನಾವು ‘ಗಾಜು’ ಎನ್ನುವುದು ಬಹುಪಾಲು ಆ ಸಾವಿರದ ವ್ಯತ್ಯಾಸವನ್ನೇ. ಹೀಗೆ ನೋಡಿದರೆ ಸಿಂಗಲ್ ಕಾಯಿಲ್‌ನ ನಾದಕ್ಕೆ ಬೇಕಾದದ್ದು ತಂತಿಯನ್ನು ಒಂದೇ ಜಾಗದಲ್ಲಿ ಆಲಿಸುವುದು, ಇಂಡಕ್ಟನ್ಸ್ ಕಡಿಮೆ ಇರುವುದು, ಗೂಟದ ಆಯಸ್ಕಾಂತಗಳ ಗುಣ ಉಳಿಯುವುದು. ಒಳಗೆ ಒಂದೇ ಸುರುಳಿ ಇರಬೇಕು ಎಂಬುದು ಈ ಪಟ್ಟಿಯಲ್ಲಿಲ್ಲ.

ಮುಂದಿನವರು ಸುರುಳಿಗಳನ್ನು ಪಕ್ಕಪಕ್ಕ ಇಡದೆ ಒಂದರ ಮೇಲೊಂದು ಇಟ್ಟರು. ಮೇಲಿನದು ತಂತಿಯನ್ನು ಆಲಿಸಬೇಕು, ಕೆಳಗಿನದು ಗುಂಯ್ ಸದ್ದನ್ನು ಮಾತ್ರ ಹಿಡಿದು ಕಳೆಯಬೇಕು. ಆರಂಭದ ಇಂಥ ಪಿಕಪ್‌ಗಳು ಮಂಕಾಗಿದ್ದವು ಎಂಬ ದೂರು ಸುಳ್ಳಲ್ಲ: ಕೆಳಗಿನ ಸುರುಳಿ ತಂತಿಯ ಸಂಕೇತವನ್ನೂ ಒಂದಿಷ್ಟು ಹಿಡಿದು ಉಲ್ಟಾ ಕೂಡಿಸುತ್ತಿತ್ತು, ಜೊತೆಗೆ ಇಂಡಕ್ಟನ್ಸ್ ಏರಿ ಶಿಖರ ಕೆಳಗಿಳಿಯುತ್ತಿತ್ತು. ಆಸ್ಟ್ರೇಲಿಯಾದ ಕಿನ್ಮನ್, ಅಮೆರಿಕದ ಡಿಮಾರ್ಜಿಯೊ ಮುಂತಾದವರ ನಂತರದ ವಿನ್ಯಾಸಗಳು ಎರಡರ ನಡುವೆ ಕಾಂತೀಯ ತಡೆ ಹಾಕಿದವು. ಕೆಳಗಿನ ಸುರುಳಿಗೆ ಕಬ್ಬಿಣದ ತಿರುಳು ಕೊಟ್ಟು, ಕಡಿಮೆ ಸುತ್ತಿನಲ್ಲೇ ಅಷ್ಟೇ ಗುಂಯ್ ಹಿಡಿಯುವಂತೆ ಮಾಡಿದವು. ಫೆಂಡರ್ ಸ್ವತಃ 1987ರಲ್ಲಿ ಲೇಸ್ ಸೆನ್ಸರ್‌ಗಳನ್ನು, ಮುಂದೆ ತನ್ನದೇ ‘ನಾಯ್ಸ್‌ಲೆಸ್’ ಸರಣಿಯನ್ನು ತಂದಿತು. ಮೂಲ ಪಿಕಪ್‌ಗಳನ್ನು ಮುಟ್ಟದೆ, ಆಯಸ್ಕಾಂತವೇ ಇಲ್ಲದ ಇನ್ನೊಂದು ದೊಡ್ಡ ಸುರುಳಿಯನ್ನು ಗಿಟಾರ್‌ನ ಹಿಂಬದಿಯಲ್ಲಿ ಅಡಗಿಸುವ ದಾರಿಯೂ ಇದೆ. ನಾದಕ್ಕೆ ಅತ್ಯಂತ ನಿಷ್ಠವಾದದ್ದು ಅದೇ ಎಂದು ನನಗನ್ನಿಸುತ್ತದೆ, ಆದರೆ ಅದನ್ನು ಕೂರಿಸಿ ಹೊಂದಿಸಬಲ್ಲ ಕುಶಲಕರ್ಮಿ ಹತ್ತಿರದಲ್ಲಿ ಸಿಗಬೇಕಲ್ಲ.

‘ಏನೇ ಹೇಳಿ, ಪಕ್ಕದಲ್ಲಿಟ್ಟು ಕೇಳಿದರೆ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಗೊತ್ತಾಗಬಹುದು. ಆದರೆ ಆ ಹೋಲಿಕೆ ಎಷ್ಟು ನ್ಯಾಯವಾದದ್ದು? ಗುಂಯ್ ಸದ್ದಿನ ಜೊತೆಗೆ ಬರುವ ಚರಪರ ಸದ್ದೇ ಕಿವಿಗೆ ಒಂದು ಹೊಳಪಿನ ಭ್ರಮೆ ಕೊಡುತ್ತದೆ. ಅದು ಇಲ್ಲವಾದಾಗ ನಾದವೇ ಮಂಕಾದಂತೆ ಕೇಳುತ್ತದೆ. ಎರಡರಲ್ಲಿ ಕೊಂಚ ಜೋರಿರುವುದೇ ಚೆನ್ನಾಗಿದೆ ಎನಿಸುವುದೂ ಕಿವಿಯ ಸ್ವಭಾವ. ಇದಕ್ಕಿಂತ ದೊಡ್ಡದು ಕೇಬಲ್ಲಿನ ಮಾತು. ಅಗಲವಾದ ವೇದಿಕೆಯಲ್ಲಿ ಓಡಾಡಲು ಹತ್ತು ಮೀಟರ್ ಕೇಬಲ್ ಹಾಕಿದರೆ ಅಸಲಿ ಸಿಂಗಲ್ ಕಾಯಿಲ್‌ನ ಶಿಖರವೂ 3000 ಹರ್ಟ್ಸ್‌ನ ಹತ್ತಿರಕ್ಕೆ, ಅಂದರೆ ಹಂಬಕರ್‌ನ ಮಟ್ಟಕ್ಕೆ ಇಳಿಯುತ್ತದೆ. ಅಷ್ಟುದ್ದದ ಕೇಬಲ್ ಬಳಸುತ್ತ ಸದ್ದಿಲ್ಲದ ಪಿಕಪ್ ನಾದ ಕೆಡಿಸಿತು ಎನ್ನುವುದು ತಮಾಷೆಯೇ ಸರಿ. ಇನ್ನು ನಾಯ್ಸ್ ಗೇಟ್ ಸಾಕು ಎನ್ನುವವರಿಗೆ: ಅದು ನುಡಿಸದಿದ್ದಾಗ ಬಾಗಿಲು ಹಾಕುತ್ತದೆ, ನುಡಿಸುವಾಗ ಸ್ವರದ ಜೊತೆಗೇ ಗುಂಯ್ ಒಳಬರುತ್ತದೆ, ಕೊನೆಯಲ್ಲಿ ಸ್ವರದ ಬಾಲವನ್ನೂ ಕತ್ತರಿಸುತ್ತದೆ.

ಹಾಗೆಂದು ಸದ್ದು ಬಂತೆಂದ ಕೂಡಲೇ ಪಿಕಪ್ ಕೊಳ್ಳಲು ಓಡಬೇಕಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ, ತಂತಿಗಳ ಮೇಲೆ ಅಂಗೈ ಇಡಿ. ಸದ್ದು ಗಣನೀಯವಾಗಿ ಇಳಿದರೆ ಅದು ಡಿಮ್ಮರ್, ಎಲ್‌ಇಡಿ ಅಡಾಪ್ಟರ್‌ಗಳಂಥವು ಹರಡುವ ವಿದ್ಯುತ್ ಕ್ಷೇತ್ರದ ಕಾಟ. ಗಿಟಾರ್‌ನ ಒಳಗುಳಿಗೆ ತಾಮ್ರದ ಟೇಪ್ ಅಂಟಿಸಿ ಅರ್ಥ್‌ಗೆ ಜೋಡಿಸಿದರೆ ಕಡಿಮೆ ಖರ್ಚಿನಲ್ಲಿ ತಗ್ಗುತ್ತದೆ. ನಿಂತಲ್ಲೇ ಮೈ ತಿರುಗಿಸಿದಾಗ ಒಂದು ದಿಕ್ಕಿನಲ್ಲಿ ಸದ್ದು ಅಡಗಿದರೆ ಅದು ಕಾಂತಕ್ಷೇತ್ರದ್ದು, ತಾಮ್ರದ ಟೇಪಿಗೆ ಬಗ್ಗುವುದಿಲ್ಲ; ಹೊಸ ಪಿಕಪ್ಪಿನ ಮಾತು ಬರುವುದು ಆಗ. ಸದ್ದು ಹೋಗಲೆಂದು ಆಂಪ್ಲಿಫೈಯರ್ ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ, ಇಲ್ಲವೇ ಪ್ಲಗ್ಗೇ ಇಲ್ಲದೆ ಬರಿ ವೈರ್ ಚುಚ್ಚಿ ಬೆಂಕಿಕಡ್ಡಿ ಸಿಕ್ಕಿಸುವ ರೂಢಿ ನಮ್ಮ ಪೆಂಡಾಲುಗಳಲ್ಲಿದೆ. ಕೈಯಲ್ಲಿ ತಂತಿ, ತುಟಿಯ ಬಳಿ ಮೈಕು ಇರುವ ಮನುಷ್ಯನಿಗೆ ಅದು ಜೀವಕ್ಕೇ ಎರವಾದೀತು.

ಕೊಳ್ಳುವಾಗ ಮಾರುವವರು ಹೇಳುವ ಓಮ್ ಲೆಕ್ಕವನ್ನು ನೆಚ್ಚಬೇಡಿ. ಸ್ಟ್ರಾಟ್ ಪಿಕಪ್‌ಗೆ ಆರು ಸಾವಿರ ಓಮ್ ಅಂದರೆ ಒಂದು ಅರ್ಥವಿದೆ. ಮೇಲೆ ಕೆಳಗೆ ಎರಡು ಸುರುಳಿಯಿದ್ದಾಗ ಕೆಳಗಿನದರ ಓಮ್ ಕೂಡ ಅದರಲ್ಲಿ ಸೇರಿರುತ್ತದೆ, ನಾದದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಂಡಕ್ಟನ್ಸ್ ಎಷ್ಟು ಎಂದು ಕೇಳಿ. ಎರಡೂವರೆ ಹೆನ್ರಿಯ ಸುತ್ತಮುತ್ತ ಇದ್ದರೆ ಒಳ್ಳೆಯದು, ನಾಲ್ಕು ದಾಟಿದರೆ ಹೆಸರು ಏನೇ ಇರಲಿ, ಅದು ಹಂಬಕರ್‌ನ ಕಡೆಯದು. ವಾಲ್ಯೂಮ್ ಪಾಟ್ ಎಷ್ಟು ಕಿಲೋ ಓಮ್‌ನದಿರಬೇಕು ಎಂದು ತಯಾರಕರು ಹೇಳಿದ್ದನ್ನು ಪಾಲಿಸಿ. ಸ್ಟ್ರಾಟ್‌ನ ಮೂರು ಪಿಕಪ್‌ಗಳಲ್ಲಿ ಒಂದನ್ನಷ್ಟೇ ಬದಲಿಸಿ ದುಡ್ಡು ಉಳಿಸುವ ಆಸೆ ಇದ್ದರೆ ಒಂದು ತೊಡಕಿದೆ. ಈಚಿನ ಅನೇಕ ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್ ಉಳಿದೆರಡಕ್ಕೆ ತಿರುಗುಮುರುಗಾಗಿರುತ್ತದೆ. ಆದ್ದರಿಂದಲೇ ಅದು ಪಕ್ಕದ ಪಿಕಪ್‌ನೊಡನೆ ಕೂಡುವ, ಸ್ವಿಚ್ಚಿನ ಎರಡನೆಯ, ನಾಲ್ಕನೆಯ ಸ್ಥಾನಗಳಲ್ಲಿ ಗುಂಯ್ ಇರುವುದಿಲ್ಲ. ನಡುವಿನದನ್ನು ತೆಗೆದು ಸದ್ದಿಲ್ಲದ ಪಿಕಪ್ ಹಾಕಿದರೆ ಪಕ್ಕದವಕ್ಕೆ ಜೋಡಿ ತಪ್ಪಿ, ಇದುವರೆಗೆ ಸುಮ್ಮನಿದ್ದ ಆ ಎರಡು ಸ್ಥಾನಗಳೇ ಗುಂಯ್ ಎನ್ನತೊಡಗುತ್ತವೆ. ಹಾಕುವುದಾದರೆ ಮೂರನ್ನೂ ಒಟ್ಟಿಗೆ ಹಾಕಬೇಕು.