ತೀರ್ಪು ಹೇಳದ ಕೋಣೆ: ಥೆರಪಿಯ ಬಗ್ಗೆ ಮುಂಬೈ ಕನ್ನಡಿಗರ ಕೆಲವು ತಪ್ಪು ಕಲ್ಪನೆಗಳು

ಗಂಡ ಹೆಂಡತಿಯ ನಡುವೆ ವಿರಸ ಬಂದರೆ ಮುಂಬೈ ಕನ್ನಡಿಗರ ಮನೆಗಳಲ್ಲಿ ಮಾತುಕತೆಗೆ ಕೂರಿಸುವ ರೂಢಿ ಇಂದಿಗೂ ಇದೆ. ಡೊಂಬಿವ್ಲಿಯ ಭಾವ, ಮುಲುಂಡಿನ ದೊಡ್ಡಪ್ಪ, ಜೊತೆಗೆ ಸಂಘದ ಹಿರಿಯರೊಬ್ಬರು ಬರುತ್ತಾರೆ. ಎರಡೂ ಕಡೆಯ ಮಾತು ಕೇಳಿ, ಒಬ್ಬರಿಗೆ ಸ್ವಲ್ಪ ಗದರಿ, ಇನ್ನೊಬ್ಬರಿಗೆ ‘ಅನುಸರಿಸಿಕೊಂಡು ಹೋಗಮ್ಮ’ ಎಂದು ಹೇಳಿ ಏಳುತ್ತಾರೆ. ಇದರಿಂದ ಉಳಿದ ಮನೆಗಳೂ ಇವೆ, ಆ ಹಿರಿಯರ ಕಾಳಜಿಯೂ ನಿಜ. ಆದರೆ ಇಂಥ ಪಂಚಾಯಿತಿಕೆಯಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಲೇಬೇಕು. ಥೆರಪಿ ಎಂದರೆ ದುಡ್ಡು ಕೊಟ್ಟು ಮಾಡಿಸುವ ಇಂಥದೇ ಪಂಚಾಯಿತಿಕೆ ಎಂದು ಅನೇಕರು ತಿಳಿದಿದ್ದಾರೆ. ಉಳಿದ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

‘ಅಲ್ಲಿ ಹೋದರೆ ಯಾರದು ಸರಿ ಅಂತ ಹೇಳ್ತಾರೆ’

ಹೇಳುವುದಿಲ್ಲ. ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಹೋದವನು ರಾತ್ರಿ ಒಂಬತ್ತೂವರೆಗೆ ಕಲ್ಯಾಣದ ಮನೆಗೆ ಬರುತ್ತಾನೆ. ಬಂದವನೇ ಮೊಬೈಲು ಹಿಡಿದು ಕೂರುತ್ತಾನೆ. ‘ಏನೂ ಮಾತೇ ಇಲ್ವಲ್ಲ’ ಎಂದು ಅವಳು ಕೇಳುತ್ತಾಳೆ. ಅವನು ಸುಮ್ಮನಿರುತ್ತಾನೆ. ಅವಳ ದನಿ ಏರುತ್ತದೆ, ಅವನು ಇನ್ನಷ್ಟು ಮುದುಡುತ್ತಾನೆ. ಅವಳ ಲೆಕ್ಕದಲ್ಲಿ ಅವನು ಕಲ್ಲು, ಅವನ ಲೆಕ್ಕದಲ್ಲಿ ಅವಳು ಗಯ್ಯಾಳಿ. ಹಿರಿಯರು ಬಂದರೆ ಇಬ್ಬರಲ್ಲಿ ಒಬ್ಬರಿಗೆ ಬುದ್ಧಿ ಹೇಳುತ್ತಾರೆ.

ಥೆರಪಿಸ್ಟ್ ನೋಡುವುದು ಈ ಇಬ್ಬರ ನಡುವೆ ಸುತ್ತುತ್ತಿರುವ ಚಕ್ರವನ್ನು. ಅವಳು ಕೇಳಿದಷ್ಟೂ ಅವನು ಹಿಂದೆ ಸರಿಯುತ್ತಾನೆ, ಅವನು ಸರಿದಷ್ಟೂ ಅವಳು ಕೇಳುತ್ತಾಳೆ. ಕೋಣೆಯಲ್ಲಿ ಇದೇ ಜಗಳ ಶುರುವಾದಾಗ ಥೆರಪಿಸ್ಟ್ ಅದನ್ನು ನಿಲ್ಲಿಸಿ, ಮಾತು ಮಾತಿಗೂ ತಡೆದು, ‘ಈಗ ಅವರು ಹಾಗೆಂದಾಗ ನಿಮ್ಮೊಳಗೆ ಏನಾಯಿತು?’ ಎಂದು ಕೇಳುತ್ತಾರೆ. ತಾನು ಏನು ಹೇಳಿದರೂ ತಪ್ಪಾಗುತ್ತದೆ ಎಂಬ ಹೆದರಿಕೆಯಿಂದ ಅವನು ಬಾಯಿ ಮುಚ್ಚಿದ್ದು, ತಾನು ಇವನಿಗೆ ಬೇಡವಾದೆನೇನೋ ಎಂಬ ಭಯದಿಂದ ಅವಳು ಕೂಗಿದ್ದು ಆಗ ಹೊರಗೆ ಬರಬಹುದು. ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದೂ ಇಬ್ಬರೂ ಇದನ್ನು ಒಮ್ಮೆಯೂ ಆಡಿರುವುದಿಲ್ಲ. 1980ರ ದಶಕದಲ್ಲಿ ಕೆನಡಾದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ, ಭಾವನೆಗಳನ್ನು ಕೇಂದ್ರವಾಗಿಟ್ಟುಕೊಂಡ ದಂಪತಿ ಥೆರಪಿ ನಡೆಯುವುದು ಈ ದಾರಿಯಲ್ಲೇ. ಒಂದೆರಡು ಭೇಟಿಯಲ್ಲಿ ಆಗುವ ಕೆಲಸವಲ್ಲ ಇದು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಒಂದು ಗಂಟೆಯಂತೆ, ಕೆಲವು ತಿಂಗಳು ಬೇಕಾಗುತ್ತದೆ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’

ಗಾದೆಯಲ್ಲಿ ಅರ್ಧ ನಿಜವಿದೆ. ಅಮೆರಿಕದಲ್ಲಿ ದಶಕಗಳ ಕಾಲ ದಂಪತಿಗಳನ್ನು ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಕಂಡುಕೊಂಡಂತೆ ಜೋಡಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಶೇ. 69ರಷ್ಟು ಎಂದೂ ಪೂರ್ತಿ ಬಗೆಹರಿಯುವಂಥವಲ್ಲ. ಚೆನ್ನಾಗಿ ಬಾಳುವವರಲ್ಲೂ ಅವು ಇರುತ್ತವೆ. ಸಂಬಂಧವನ್ನು ಕೊರೆಯುವುದು ಜಗಳಕ್ಕಿಂತ ಹೆಚ್ಚಾಗಿ ಜಗಳದೊಳಗಿನ ತಾತ್ಸಾರ, ಹೀಯಾಳಿಕೆ ಮತ್ತು ಗೋಡೆಯಂಥ ಮೌನ.

ಮುಂಬೈಯಲ್ಲಿ ಇನ್ನೊಂದು ಕಷ್ಟವಿದೆ. ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ಅತ್ತೆ ಮಾವ, ಓದುವ ಮಕ್ಕಳು, ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಮೈದುನ ಎಲ್ಲರೂ ಇರುತ್ತಾರೆ. ಗಂಡ ಹೆಂಡತಿಗೆ ಮನಸ್ಸು ಬಿಚ್ಚಿ ಜಗಳವಾಡಲೂ ಜಾಗವಿಲ್ಲ. ಬೆಳಗಾದರೆ ಡಬ್ಬಿ ಕಟ್ಟಬೇಕು, ರೈಲು ಹಿಡಿಯಬೇಕು. ಉಂಡು ಮಲಗಿದ ಮಾತ್ರಕ್ಕೆ ಜಗಳ ಮುಗಿಯುವುದಿಲ್ಲ, ದನಿ ಮಾತ್ರ ಅಡಗುತ್ತದೆ. ಬಾಗಿಲು ಹಾಕಿಕೊಂಡು ಇಬ್ಬರೇ ಪೂರ್ತಿ ಮಾತಾಡುವ ಒಂದು ಗಂಟೆ ಇಂಥ ಮನೆಯವರಿಗೆ ಎಷ್ಟು ದೊಡ್ಡದು ಎಂಬುದು ದೊಡ್ಡ ಮನೆಯವರಿಗೆ ತಿಳಿಯುವುದು ಕಷ್ಟ.

‘ಅದೆಲ್ಲ ಹುಚ್ಚು ಹಿಡಿದವರಿಗೆ’

1901ರಲ್ಲಿ ಆರಂಭವಾದ ಥಾಣೆಯ ಮಾನಸಿಕ ಆಸ್ಪತ್ರೆಯ ಹೆಸರು ಹೇಳಿ ಗೇಲಿ ಮಾಡುವ ಚಾಳಿ ಈ ನಗರದಲ್ಲಿ ಹಳೆಯದು. ಅದನ್ನು ಕೇಳುತ್ತ ಬೆಳೆದವರು ಮನಸ್ಸಿನ ಡಾಕ್ಟರ ಬಾಗಿಲು ತಟ್ಟಲು ಹಿಂಜರಿಯುವುದು ಸಹಜ. ಆದರೆ ತೀರಿಕೊಂಡ ತಾಯಿಯ ನೆನಪಿನಿಂದ ಮೇಲೇಳಲಾಗದವರು, ಕೆಲಸ ಕಳೆದುಕೊಂಡು ಮನೆಯಲ್ಲಿ ಹೇಳಲಾಗದವರು, ಬಾಣಂತನದ ನಂತರ ಯಾವುದರಲ್ಲೂ ಆಸಕ್ತಿ ಬಾರದವರು ಹುಚ್ಚರಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆಗಳು ಮಹಾನಗರಗಳಲ್ಲೇ ಹೆಚ್ಚಾಗಿ ಕಂಡವು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು.

‘ಬರೀ ಮಾತಾಡಿದರೆ ಏನು ಬಂತು’ ಎನ್ನುವವರಿಗೂ ಉತ್ತರವಿದೆ. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಥೆರಪಿ ಖಿನ್ನತೆ, ಆತಂಕಗಳಿಗೆ ಪರೀಕ್ಷಿಸಿ ಒಪ್ಪಿದ ಚಿಕಿತ್ಸೆ. ಅಗತ್ಯವಿದ್ದರೆ ಅದರ ಜೊತೆಗೇ ಮಾತ್ರೆಯೂ ನಡೆಯುತ್ತದೆ. ಮಾತ್ರೆ ಬರೆಯುವವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಬರೆಯುವುದಿಲ್ಲ.

‘ಕೌನ್ಸೆಲಿಂಗ್ ಅಂದರೆ ಡೈವೋರ್ಸಿನ ಮೊದಲ ಮೆಟ್ಟಿಲು’

ಈ ನಂಬಿಕೆಗೆ ಕಾರಣವಿದೆ. ಎಷ್ಟೋ ದಂಪತಿಗಳು ಕೌನ್ಸೆಲರನ್ನು ಮೊದಲು ನೋಡುವುದೇ ಬಾಂದ್ರಾದ ಕುಟುಂಬ ನ್ಯಾಯಾಲಯದಲ್ಲಿ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ಸಾಧ್ಯವಿದ್ದಲ್ಲೆಲ್ಲ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ, ಅದಕ್ಕಾಗಿ ಅಲ್ಲಿ ಕೌನ್ಸೆಲರುಗಳಿದ್ದಾರೆ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ವಕೀಲರು ಬಂದಿರುತ್ತಾರೆ, ಮನಸ್ಸುಗಳು ಮುರಿದಿರುತ್ತವೆ. ಅದಕ್ಕಿಂತ ವರ್ಷಗಳ ಮೊದಲೇ ಹೋಗುವುದು ಬೇರೆಯದೇ ಕೆಲಸ. ಥೆರಪಿಯ ಕೊನೆಗೆ ಕೆಲವರು ಬೇರೆಯಾಗುವುದೂ ಉಂಟು. ಅದನ್ನು ಸೋಲೆಂದು ನಾನು ಒಪ್ಪುವುದಿಲ್ಲ. ಮಕ್ಕಳ ಮುಂದೆ ಒಬ್ಬರನ್ನೊಬ್ಬರು ಹಳಿಯದೆ ಬೇರೆಯಾಗಲು ಕಲಿತರೆ ಆ ಮಕ್ಕಳಿಗೆ ಅದು ಸಣ್ಣ ಉಪಕಾರವಲ್ಲ.

‘ಎಂಥ ತೊಂದರೆಯಾದರೂ ಇಬ್ಬರೂ ಒಟ್ಟಿಗೆ ಹೋಗಬೇಕು’

ಇದು ಅಪಾಯದ ನಂಬಿಕೆ. ಹೊಡೆತ ಬಡಿತ, ಬೆದರಿಕೆ ಇರುವ ಮನೆಯ ಹೆಂಗಸು ಗಂಡನ ಪಕ್ಕದಲ್ಲಿ ಕೂತು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಅದರ ಬೆಲೆ ತೆರಬೇಕಾಗುತ್ತದೆ. ಇಂಥಲ್ಲಿ ಮೊದಲು ಬೇಕಾದದ್ದು ಅವಳ ಸುರಕ್ಷತೆ, ಜೋಡಿ ಥೆರಪಿಯಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬೈ ಪೊಲೀಸ್ ವ್ಯವಸ್ಥೆಯೊಳಗೇ ಆರಂಭಿಸಿದ ಮಹಿಳೆಯರ ಮತ್ತು ಮಕ್ಕಳ ವಿಶೇಷ ಘಟಕ ಈ ಕೆಲಸಕ್ಕೇ ಇದೆ. ಅಲ್ಲಿರುವವರು ತರಬೇತಿ ಪಡೆದ ಸಮಾಜ ಕಾರ್ಯಕರ್ತರು. 181 ಮಹಿಳಾ ಸಹಾಯವಾಣಿಗೂ ಕರೆ ಮಾಡಬಹುದು. ‘ಸ್ವಲ್ಪ ಸಹಿಸಿಕೋ’ ಎಂದು ಅವಳನ್ನು ವಾಪಸು ಕಳಿಸುವ ಹಿರಿಯರಿಗೆ ನನ್ನ ಕೈಮುಗಿದ ವಿನಂತಿ: ದಯವಿಟ್ಟು ಹಾಗೆ ಹೇಳಬೇಡಿ.

‘ನಾಳೆ ಸಂಘದಲ್ಲೆಲ್ಲ ಗೊತ್ತಾಗುತ್ತದೆ, ದುಡ್ಡೂ ಜಾಸ್ತಿ’

ಹೇಳಿದ್ದನ್ನು ಗುಟ್ಟಾಗಿಡುವುದು ಈ ವೃತ್ತಿಯ ಮೂಲ ನಿಯಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗಿನಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಖಾಸಗಿ ಥೆರಪಿ ದುಬಾರಿ ಎಂಬುದು ನಿಜ. ಆದರೆ ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಕೇಸ್ ಪೇಪರ್ ಮಾಡಿಸಿ ಅಲ್ಪ ಖರ್ಚಿನಲ್ಲಿ ತೋರಿಸಿಕೊಳ್ಳಬಹುದು. ಟಾಟಾ ಸಂಸ್ಥೆಯದೇ ‘ಐಕಾಲ್’ 2012ರಿಂದ ಫೋನಿನಲ್ಲಿ ಸಮಾಲೋಚನೆ ನೀಡುತ್ತ ಬಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿಯೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಅಳುವ ಹೊತ್ತಿಗೆ ಹಿಂದಿ ಮರಾಠಿ ಬಾಯಿಗೆ ಬಾರದವರು ಇದನ್ನು ನೆನಪಿಡಬೇಕು. ಬೆಂಗಳೂರು, ಮಂಗಳೂರಿನ ಕನ್ನಡ ಬಲ್ಲ ಥೆರಪಿಸ್ಟರೊಡನೆ ವಿಡಿಯೊ ಕರೆಯಲ್ಲಿ ಮಾತಾಡುವ ದಾರಿಯೂ ಈಗ ಇದೆ.

ಹೋಗುವ ಮುನ್ನ ಒಂದನ್ನು ವಿಚಾರಿಸಿ. ‘ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಂಡವರೆಲ್ಲ ಕಲಿತವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಉಳಿದವರಾದರೆ ಏನು ಓದಿದ್ದಾರೆ, ದಂಪತಿಗಳೊಡನೆ ಕೆಲಸ ಮಾಡುವ ತರಬೇತಿ ಎಲ್ಲಿ ಪಡೆದಿದ್ದಾರೆ ಎಂದು ಕೇಳಿ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.