ಕೆಂಪು ರಕ್ತಕಣ ಕುಡುಗೋಲಾಗುವುದೇಕೆ?

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಎಂಬ ನಾಲ್ಕು ಪ್ರೋಟೀನ್ ಸರಪಳಿಗಳಿವೆ. ಬೀಟಾ ಸರಪಳಿ 146 ಅಮೈನೊ ಆಮ್ಲಗಳಿಂದಾದುದು. ತಂದೆ, ತಾಯಿ ಇಬ್ಬರಿಂದಲೂ ಬಂದ ವಂಶವಾಹಿಗಳಲ್ಲಿ ಈ ಸರಪಳಿಯ ಆರನೆಯ ಕೊಂಡಿ ಬದಲಾಗಿದ್ದರೆ, ದುಂಡನೆಯ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಇದೇ ಸಿಕಲ್ ಸೆಲ್ ರಕ್ತಹೀನತೆ.

ಒಂದೇ ಕೊಂಡಿಯಿಂದ ಇಷ್ಟು ಅನಾಹುತ ಹೇಗೆ?

ಪಾರ್ಶ್ವ ಸರಪಳಿಯ ಗುಣ

ಪ್ರೋಟೀನ್‌ಗಳ ನಿರ್ಮಾಣಕ್ಕೆ ಮುಖ್ಯವಾಗಿ ಬಳಕೆಯಾಗುವುದು 20 ಅಮೈನೊ ಆಮ್ಲಗಳು. ಪ್ರತಿಯೊಂದರ ನಡುವೆಯೂ ಒಂದು ಇಂಗಾಲದ ಪರಮಾಣುವಿದೆ. ಅದಕ್ಕೆ ಅಮೈನೊ ಗುಂಪು, ಕಾರ್ಬಾಕ್ಸಿಲ್ ಗುಂಪು ಹಾಗೂ ಜಲಜನಕ ಜೋಡಣೆಯಾಗಿರುತ್ತವೆ. ನಾಲ್ಕನೆಯದೇ ಪಾರ್ಶ್ವ ಸರಪಳಿ. ಒಂದು ಅಮೈನೊ ಆಮ್ಲವನ್ನು ಮತ್ತೊಂದರಿಂದ ಬೇರ್ಪಡಿಸುವುದು ಇದೇ.

ಕೆಲವು ಪಾರ್ಶ್ವ ಸರಪಳಿಗಳಿಗೆ ವಿದ್ಯುದಂಶವಿದ್ದು, ಅವು ನೀರಿನೊಂದಿಗೆ ಬೆರೆಯುತ್ತವೆ. ಇನ್ನು ಕೆಲವು ಎಣ್ಣೆಯಂತೆ ನೀರಿನಿಂದ ದೂರ ಸರಿಯುತ್ತವೆ. ನೀರನ್ನು ಒಲ್ಲದವು ಸಾಮಾನ್ಯವಾಗಿ ಪ್ರೋಟೀನಿನ ಒಳಗೆ ಅಡಗಿದರೆ, ನೀರಿಗೆ ಒಗ್ಗುವವು ಹೊರಮೈಯಲ್ಲಿ ಉಳಿಯುತ್ತವೆ. ಪ್ರೋಟೀನ್ ಮಡಚಿಕೊಳ್ಳುವ ಬಗೆ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಬೀಟಾ ಸರಪಳಿಯ ಆರನೆಯ ಸ್ಥಾನ ಹೊರಮೈಯಲ್ಲಿದೆ. ಅಲ್ಲಿರಬೇಕಾದುದು ಋಣ ವಿದ್ಯುದಂಶವುಳ್ಳ, ನೀರಿಗೆ ಒಗ್ಗುವ ಗ್ಲುಟಾಮಿಕ್ ಆಮ್ಲ. ರೋಗಿಗಳಲ್ಲಿ ಆ ಜಾಗಕ್ಕೆ ನೀರನ್ನು ಒಲ್ಲದ ವ್ಯಾಲಿನ್ ಬಂದಿರುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ, ಈ ವ್ಯಾಲಿನ್ ಪಕ್ಕದ ಅಣುವಿನಲ್ಲಿರುವ ತನ್ನಂಥದೇ ಗುಣದ ಕುಳಿಯೊಳಗೆ ಸೇರಿಕೊಳ್ಳುತ್ತದೆ. ಹೀಗೆ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗಿ ಕಣವನ್ನು ಬಾಗಿಸುತ್ತವೆ. ಸುಮಾರು 120 ದಿನ ಬದುಕಬೇಕಾದ ಕಣ 10ರಿಂದ 20 ದಿನಗಳಲ್ಲೇ ನಾಶವಾಗುತ್ತದೆ. ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡು ತೀವ್ರ ನೋವು ಕಾಣಿಸಿಕೊಳ್ಳುತ್ತದೆ.

ಶಿಕಾಗೊದ ವೈದ್ಯ ಜೇಮ್ಸ್ ಹೆರಿಕ್ ಇಂಥ ಕಣಗಳ ಬಗ್ಗೆ ವರದಿ ಪ್ರಕಟಿಸಿದ್ದು 1910ರಲ್ಲಿ. ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ಲೈನಸ್ ಪೌಲಿಂಗ್ ತಂಡ 1949ರಲ್ಲಿ ತೋರಿಸಿತು. ವ್ಯತ್ಯಾಸ ಒಂದೇ ಅಮೈನೊ ಆಮ್ಲದ್ದೆಂದು 1957ರಲ್ಲಿ ಖಚಿತಪಡಿಸಿದವರು ಕೇಂಬ್ರಿಜ್‌ನ ವರ್ನನ್ ಇಂಗ್ರಾಂ.

ವಿವಾಹಪೂರ್ವ ಪರೀಕ್ಷೆ

ಭಾರತದಲ್ಲಿ ಈ ಲಕ್ಷಣ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಪತ್ತೆಯಾಯಿತು. 2047ರೊಳಗೆ ರೋಗವನ್ನು ನಿರ್ಮೂಲಗೊಳಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅಭಿಯಾನ ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ.

ಒಬ್ಬರಿಂದ ಮಾತ್ರ ಬದಲಾದ ವಂಶವಾಹಿ ಪಡೆದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿರುವುದರಿಂದ ತಾವು ವಾಹಕರೆಂಬುದೇ ಅವರಿಗೆ ತಿಳಿದಿರುವುದಿಲ್ಲ. ವಾಹಕರಿಬ್ಬರು ದಂಪತಿಯಾದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25ರಷ್ಟು. ವಿವಾಹಕ್ಕೆ ಮುನ್ನವೇ ರಕ್ತಪರೀಕ್ಷೆ ಮಾಡಿಸಿಕೊಂಡರೆ ಈ ಅಪಾಯವನ್ನು ಮೊದಲೇ ಅರಿಯಬಹುದು.